ಪಾಪು ಮಲಗೋ ಹೊತ್ತು

ನಿನ್ನೆ ರಾತ್ರಿ ಎಂಟೂಕಾಲಿಗೆ ಮನೆ ಬೆಲ್ ಹೊಡೆಯಿತು. ಹತ್ತಿರದ ನೆಂಟರೇ. ಹಾಸನಾಂಬೆ ದರ್ಶನಕ್ಕೆ ಮಧ್ಯಾಹ್ನದಿಂದ ಕ್ಯೂನಲ್ಲಿ ನಿಂತು ಸುಸ್ತಾಗಿ ಬಂದಿದ್ದರು. ಕಾಫಿ ಆಯಿತು. "ಎಲ್ಲಿ ಪಾಪು? ಒಂದ್ಸಲ ನೋಡ್ಕೊಂಡು ಹೊರಡ್ತೀವಿ" ಅಂದರು. ಮಲಗಿದ್ದಾಳೆ ಅಂದೆ. "ಒಂದೇ ನಿಮಿಷ, ಎತ್ಕೊಂಡು ಬಾಮ್ಮ" ಅಂದರು. ನಾನು ಎಬ್ಬಿಸಲಿಲ್ಲ. ಅವರಿಗೆ ಬೇಜಾರಾಯಿತು. "ಈಗಿನವರು ಐದು ತಿಂಗಳ ಕೂಸಿಗೂ ಟೈಮ್‌ಟೇಬಲ್ ಹಾಕ್ತಾರಪ್ಪ" ಅಂತ ಗೇಟಿನ ಹತ್ತಿರ ಆಡಿದ ಮಾತು ನನ್ನ ಕಿವಿಗೂ ಬಿತ್ತು.

ಆ ಮಾತು ಕೇಳಿ ಇದನ್ನು ಬರೆಯುತ್ತಿದ್ದೇನೆ. ಟೈಮ್‌ಟೇಬಲ್ ಹಾಕಿದ್ದೆ, ಸುಳ್ಳಲ್ಲ. ಅದು ಮೂರು ದಿನವೂ ನಿಲ್ಲಲಿಲ್ಲ.

ಮಗಳು ಹುಟ್ಟಿದ್ದು ಮೇ ತಿಂಗಳಲ್ಲಿ. ಬಾಣಂತನ ಮೂಡಿಗೆರೆ ಹತ್ತಿರದ ತವರುಮನೆಯಲ್ಲಿ. ನನ್ನದು ಲೆಕ್ಕಪತ್ರದ ಕೆಲಸ, ಎಲ್ಲದಕ್ಕೂ ಒಂದು ಕಾಲಂ ಇರಬೇಕು. ಮೂರನೇ ವಾರದಲ್ಲಿ ಕೂತು ಚಾರ್ಟ್ ಬರೆದೆ. ಏಳಕ್ಕೆ ಹಾಲು, ಹನ್ನೊಂದಕ್ಕೆ ಸ್ನಾನ, ಹನ್ನೆರಡರಿಂದ ಎರಡು ನಿದ್ದೆ, ಹೀಗೆ ರಾತ್ರಿ ತನಕ. ಬೀರು ಬಾಗಿಲಿಗೆ ಅಂಟಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಇದನ್ನ ಅವಳಿಗೆ ಓದಿ ಹೇಳಿದ್ಯಾ?" ಅಂತ ಕೇಳಿದರು.

ಮೂರು ವಾರದ ಕೂಸಿಗೆ ಹಗಲು ಯಾವುದು, ರಾತ್ರಿ ಯಾವುದು ಗೊತ್ತಿರುವುದಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತವೆ, ಆದರೆ ಎಲ್ಲ ತುಂಡು ತುಂಡು. ಹೊಟ್ಟೆ ಅಷ್ಟು ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕೇ ಬೇಕು. ಹಗಲು ರಾತ್ರಿ ಗುರುತಿಸುವ ಒಳಗಿನ ಗಡಿಯಾರ ನಡೆಯೋಕೆ ಶುರುವಾಗುವುದೇ ಎರಡು ಮೂರು ತಿಂಗಳಿಗೆ. ಅದಕ್ಕೂ ಮುಂಚೆ ಚಾರ್ಟ್ ಅಂಟಿಸುವುದು, ಮೊಳಕೆ ಬರದ ಪಾತಿಗೆ ಕೋಲು ನೆಟ್ಟ ಹಾಗೆ.

ಆ ದಿನಗಳಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಹೇಳಲೇಬೇಕು. ಅವಳು ಮಲಗಿದ್ದಾಗ ಮುಖ ಕಿವುಚಿದರೆ, ಮುಲುಗಿದರೆ, ಕೈ ಆಡಿಸಿದರೆ ತಕ್ಷಣ ಎತ್ತಿಕೊಳ್ಳುತ್ತಿದ್ದೆ. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ ಡಾಕ್ಟರ್ ನಕ್ಕುಬಿಟ್ಟರು. ಎಳೆ ಕೂಸಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೇ ಇರುತ್ತದಂತೆ. ಕಣ್ಣು ರೆಪ್ಪೆಯೊಳಗೆ ಓಡಾಡುತ್ತದೆ, ತುಟಿ ನಗುತ್ತದೆ, ಸದ್ದು ಮಾಡುತ್ತದೆ, ಆದರೆ ಮಗು ಎದ್ದಿಲ್ಲ. "ನಿಮ್ಮ ಮಗು ಏಳ್ತಿಲ್ಲ, ನೀವು ಎಬ್ಬಿಸ್ತಿದ್ದೀರಿ" ಅಂದರು. ಅವತ್ತಿನಿಂದ ಎತ್ತಿಕೊಳ್ಳುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂರುವುದನ್ನು ಕಲಿತೆ. ಎಷ್ಟೋ ಸಲ ತಾನೇ ಮತ್ತೆ ನಿದ್ದೆಗೆ ಜಾರುತ್ತಾಳೆ. ಹಸಿವಿನ ಅಳು ಬೇರೆ, ಅದು ಎರಡು ವಾರದಲ್ಲಿ ಯಾವ ತಾಯಿಗಾದರೂ ಗೊತ್ತಾಗುತ್ತದೆ.

ಆರನೇ ವಾರದ ಸಂಜೆಗಳ ಬಗ್ಗೆ ಜಾಸ್ತಿ ಬರೆಯಲ್ಲ. ಆರರಿಂದ ಒಂಬತ್ತರ ತನಕ ಕಾರಣವೇ ಇಲ್ಲದೆ ಅಳು. ಆ ವಯಸ್ಸಿನಲ್ಲಿ ಅಳು ಏರಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅದು ಏರಿದ ದಿನಗಳಲ್ಲಿ ಯಾವ ರೂಟೀನೂ ನಡೆಯಲ್ಲ. ನಾನು, ಅಮ್ಮ, ಅಪ್ಪ ಪಾಳಿಯ ಮೇಲೆ ಎತ್ತಿಕೊಂಡು ಜಗುಲಿಯಲ್ಲಿ ಓಡಾಡಿದೆವು. "ಎತ್ಕೊಂಡು ಎತ್ಕೊಂಡು ಅಭ್ಯಾಸ ಮಾಡಿಸ್ತೀರ" ಅಂತ ಬಂದವರೆಲ್ಲ ಹೇಳಿದರು. ಅಷ್ಟು ಚಿಕ್ಕ ಕೂಸು ಎತ್ತಿಕೊಂಡರೆ ಕೆಡುತ್ತದೆ ಅಂತ ನಾನು ನಂಬಲ್ಲ. ಅಳಲು ಬಿಟ್ಟರೆ ಕಲಿಯುತ್ತೆ ಅನ್ನುವುದನ್ನೂ ಈ ವಯಸ್ಸಿಗೆ ಒಪ್ಪಲ್ಲ.

ಆಮೇಲೆ ಪುಷ್ಯ ಮಳೆ ಹಿಡಿಯಿತು. ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ. ಯುಪಿಎಸ್ ಮೊದಲ ರಾತ್ರಿಗೇ ಕೈಕೊಟ್ಟಿತು. ಅಮ್ಮನ ಧಾರಾವಾಹಿ ಇಲ್ಲ, ಅಪ್ಪನ ನ್ಯೂಸ್ ಇಲ್ಲ, ನನ್ನ ಮೊಬೈಲ್‌ನಲ್ಲಿ ಚಾರ್ಜ್ ಇಲ್ಲ. ಕತ್ತಲಾದ ಮೇಲೆ ಮಾಡೋಕೆ ಕೆಲಸವೇ ಇಲ್ಲದ್ದರಿಂದ ಪಾಪುವಿನ ಕೆಲಸ ಒಂದೇ ಕ್ರಮದಲ್ಲಿ ನಡೆಯಿತು. ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸುವುದು, ಒಲೆ ಮುಂದೆ ಕಾದ ಬಟ್ಟೆ ಹಾಕುವುದು, ಹಾಲು, ತೇಗು, ತೊಟ್ಟಿಲು, ಅಮ್ಮನ ಗುನುಗು. ಒಂದು ಬುಡ್ಡಿ ದೀಪ, ಅದೂ ಮೂಲೆಯಲ್ಲಿ. ಮೂರನೇ ರಾತ್ರಿ ಅವಳು ಒಂದೇ ಸಮ ನಾಲ್ಕು ಗಂಟೆ ಮಲಗಿದಳು. ಹುಟ್ಟಿದ ಮೇಲೆ ಅದೇ ಮೊದಲು. ನನಗೆ ಎಷ್ಟು ಗಾಬರಿಯಾಯಿತೆಂದರೆ ಎರಡು ಸಲ ಎದ್ದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ.

ಕರೆಂಟ್ ಹೋಗಿದ್ದೇ ಕಾರಣ ಅಂತ ವಾದ ಮಾಡಲ್ಲ. ಆಗ ಅವಳಿಗೆ ಎರಡು ತಿಂಗಳು ದಾಟಿತ್ತು, ತಾನಾಗೇ ಆಗುವ ವಯಸ್ಸು. ಆದರೆ ಕರೆಂಟ್ ಬಂದ ಮೇಲೂ ನಾವು ಆ ಕ್ರಮ ಬಿಡಲಿಲ್ಲ. ಚಾರ್ಟ್ ಕಿತ್ತು ಹಾಕಿದೆ. ನನ್ನ ತಲೆಗೆ ಹೊಳೆದದ್ದು ಇಷ್ಟೇ: ಕೂಸಿಗೆ ಬೇಕಾದ್ದು ಗಂಟೆಯಲ್ಲ, ಸರದಿ. ಆರೂವರೆಗೆ ಶುರುವಾಗಲಿ, ಏಳೂಕಾಲಿಗೆ ಶುರುವಾಗಲಿ, ಒಂದಾದ ಮೇಲೆ ಒಂದು ಅದೇ ಬರಬೇಕು. ಮೈ ಒರೆಸಿದರೆ ಹಾಲು ಬರುತ್ತದೆ, ಹಾಲಾದರೆ ಕತ್ತಲು ಬರುತ್ತದೆ ಅಂತ ಅವಳಿಗೆ ಅಂದಾಜಾಗುತ್ತದೆ. ರಾತ್ರಿ ಹಾಲಿಗೆ ಎದ್ದರೆ ಲೈಟ್ ಇಲ್ಲ, ಮಾತಿಲ್ಲ, ಮುದ್ದಿಲ್ಲ. ಹಗಲಲ್ಲಿ ಉಲ್ಟಾ. ಬೆಳಕು, ಮಿಕ್ಸಿ, ನಾಯಿ ಬೊಗಳಿದ್ದು ಎಲ್ಲ ಇರಲಿ. ಮಳೆಗಾಲದ ಮೂಡಿಗೆರೆಯಲ್ಲಿ ಮಧ್ಯಾಹ್ನವೂ ಮನೆಯೊಳಗೆ ಕತ್ತಲೇ, ಹಾಗಾಗಿ ಬೆಳಗ್ಗೆ ಅವಳನ್ನು ಎತ್ತಿಕೊಂಡು ಜಗುಲಿಗೆ ಬರುತ್ತಿದ್ದೆ. ಎದುರಿನ ಕಾಫಿ ಗಿಡಗಳನ್ನು ನೋಡುತ್ತಿದ್ದಳೋ, ನೀರು ಸುರಿಯುವ ಹೆಂಚನ್ನೋ, ಗೊತ್ತಿಲ್ಲ.

ನಮ್ಮ ಅಜ್ಜಿಯರಿಗೆ ಇದೆಲ್ಲ ಗೊತ್ತಿತ್ತು, ಅಲ್ವಾ? ಮುಕ್ಕಾಲು ಪಾಲು ಗೊತ್ತಿತ್ತು. ನನ್ನ ಅಜ್ಜಿ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹಂಡೆ ನೀರು ಹಾಕಿ ಮಲಗಿಸಿದರೆ ಎರಡು ಗಂಟೆ ಗ್ಯಾರಂಟಿ. ಅದನ್ನು ಬೆಳಗ್ಗೆಯೇ ಉಳಿಸಿಕೊಂಡೆ. ಇಂಟರ್ನೆಟ್ ತುಂಬ "ಮಲಗುವ ಮುಂಚೆ ಸಂಜೆ ಸ್ನಾನ" ಅಂತಿದೆ. ಜುಲೈನಲ್ಲಿ ನಮ್ಮೂರ ಬಚ್ಚಲಿಗೆ ಸಂಜೆ ಆರಕ್ಕೆ ಬಂದು ಸ್ನಾನ ಮಾಡಿಸಿ ತೋರಿಸಲಿ.

ಉಳಿದ ಕಾಲು ಪಾಲಿಗೆ ಮಾತ್ರ ನಾನು ಹಟ ಹಿಡಿದೆ. ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೂಸಿಗೆ ಹೊಗೆ ಹಿಡಿಯುವುದು ಬೇಡವೇ ಬೇಡ, ಎಳೆ ಶ್ವಾಸಕೋಶ. ತಲೆ ಗುಂಡಗಾಗಲಿ ಅಂತ ಇಟ್ಟ ಸಾಸಿವೆ ದಿಂಬು ತೆಗೆಸಿದೆ. ಟೋಪಿ, ಸ್ವೆಟರ್, ಅದರ ಮೇಲೆ ಕಂಬಳಿ ಹೊದೆಸಿದರೆ ಚಳಿಯಲ್ಲೂ ಮೈ ಬೆವರುತ್ತದೆ, ಕಂಬಳಿ ಮುಖಕ್ಕೆ ಬಂದರೆ ಅಪಾಯ. ನಾವು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕು. ಸೀರೆ ಜೋಲಿಯಲ್ಲಿ ಮೈ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಉಸಿರಿಗೆ ತೊಂದರೆ. ಗಟ್ಟಿಯಾದ, ಮಟ್ಟಸವಾದ ಹಾಸಿಗೆ, ಅಂಗಾತ ಮಲಗಿಸುವುದು, ನಮ್ಮದೇ ರೂಮಿನಲ್ಲಿ, ಅಷ್ಟೇ. ಅಮೆರಿಕದಲ್ಲಿ 1994ರಲ್ಲಿ ಕೂಸುಗಳನ್ನು ಅಂಗಾತ ಮಲಗಿಸಿ ಅಂತ ಪ್ರಚಾರ ಶುರು ಮಾಡಿದರು. ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ತೀರಿಕೊಳ್ಳುವ ಮಕ್ಕಳ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಅಂಗಾತ ಮಲಗಿಸುವುದು ನಮ್ಮನೆಯಲ್ಲಿ ಹೊಸದೇನಲ್ಲ, ಜಗಳವಾಗಿದ್ದು ದಿಂಬಿನ ಮೇಲೆ.

ಜಾಯಿಕಾಯಿ ವಿಷಯಕ್ಕೆ ಮಾತ್ರ ನಾನು ದನಿ ಏರಿಸಿದೆ. ಪಕ್ಕದ ಮನೆಯವರು ಒಳ್ಳೆ ಮನಸ್ಸಿಂದಲೇ ಹೇಳಿದ್ದು. "ಎರಡು ಸುತ್ತು ತೇದು ನಾಲಿಗೆಗೆ ಹಚ್ಚು, ಬೆಳಗಿನ ತನಕ ಏಳಲ್ಲ ನೋಡು." ಭಯವೇ ಅದು. ಹಾಲಿಗೆ ಏಳಬೇಕಾದ ಕೂಸು ಏಳದೆ ಇದ್ದರೆ ಅದು ನಿದ್ದೆಯಲ್ಲ, ಮಂಪರು. ಬಜೆಯೂ ಅಷ್ಟೇ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಏನೂ ಬೇಡ, ನೀರೂ ಬೇಡ ಅಂತ ಆಶಾ ಅಕ್ಕ ಬಂದಾಗಲೆಲ್ಲ ಹೇಳುತ್ತಿದ್ದರು. ಮಳೆಯಲ್ಲಿ ಕೊಡೆ ಹಿಡಿದು ಬರುತ್ತಿದ್ದ ಆ ಪುಣ್ಯಾತ್ಗಿತ್ತಿ ಪರವಾಗಿ ನಾನು ಅವತ್ತು ಪಕ್ಕದ ಮನೆಯವರನ್ನು ಎದುರು ಹಾಕಿಕೊಂಡೆ.

ಗೌರಿ ಹಬ್ಬ ಮುಗಿಸಿ ಹಾಸನಕ್ಕೆ ಬಂದೆವು. ಕಟ್ಟಿದ್ದೆಲ್ಲ ಬಿದ್ದು ಹೋಯಿತು. ಹೊಸ ಮನೆ, ಹೊಸ ವಾಸನೆ, ರಾತ್ರಿಯಿಡೀ ಲಾರಿ ಸದ್ದು. ಸಾಲದ್ದಕ್ಕೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಮಕ್ಕಳ ನಿದ್ದೆಯ ರೀತಿಯೇ ಬದಲಾಗುತ್ತದೆ, ಮಧ್ಯೆ ಮಧ್ಯೆ ಪೂರ್ತಿ ಎಚ್ಚರವಾಗುತ್ತವೆ. ಎರಡು ವಾರ ನಾನು, ನನ್ನ ಗಂಡ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ. ಆಮೇಲೆ ಮತ್ತೆ ಅದೇ ಸರದಿ ಹಿಡಿದೆವು. ಈಗ ಮೈ ಒರೆಸಿ ಬಟ್ಟೆ ಹಾಕುವುದು ಅವರ ಕೆಲಸ. ಅವರ ಕೈಯಲ್ಲಿ ಇನ್ನೂ ಬಟನ್ ಒಂದು ಮೇಲೆ ಒಂದು ಕೆಳಗೆ, ಪಾಪುಗೆ ತಕರಾರಿಲ್ಲ.

ಹಾಲ್‌ನಲ್ಲಿ ರಾತ್ರಿ ಮಾವನ ನ್ಯೂಸ್ ಇರುತ್ತಿತ್ತು. ಹೇಗೆ ಹೇಳುವುದು ಅಂತ ನಾನು ಒಂದು ವಾರ ಒದ್ದಾಡಿದೆ. ಒಂದಿನ ಅವರೇ ರಿಮೋಟ್ ತೆಗೆದುಕೊಂಡು ಮ್ಯೂಟ್ ಮಾಡಿದರು. ಈಗ ದಿನವೂ ಹಾಗೇ ನೋಡುತ್ತಾರೆ. "ನ್ಯೂಸ್ ಚಾನೆಲ್ ಹಿಂಗೇ ಚೆನ್ನಾಗಿರುತ್ತೆ ಕಣಮ್ಮ" ಅನ್ನುತ್ತಾರೆ.

ನನ್ನ ರಜೆ 26 ವಾರ, ಮುಗಿಯೋಕೆ ಬಂತು. ಆಮೇಲೆ ಹಗಲು ನಿದ್ದೆ ಅತ್ತೆ ಕೈಯಲ್ಲಿ. ಗಂಟೆ ಲೆಕ್ಕ ಹೇಳಿಕೊಟ್ಟರೆ ಅವರಿಗೂ ಹಿಂಸೆ, ಮಗುಗೂ ಹಿಂಸೆ. ಸರದಿ ಹೇಳಿಕೊಟ್ಟಿದ್ದೇನೆ. ಕಣ್ಣುಜ್ಜಿದರೆ ಶುರು ಮಾಡಿ, ಅಷ್ಟೇ. ನನಗಿಂತ ಬೇಗ ಮಲಗಿಸುತ್ತಾರೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ರಾತ್ರಿ ಪೂರ್ತಿ ಮಲಗ್ತಾಳಾ ಅಂತ ಮಾತ್ರ ಕೇಳಬೇಡಿ. ಇಲ್ಲ. ಹನ್ನೆರಡಕ್ಕೆ ಒಂದ್ಸಲ, ಮೂರೂವರೆಗೆ ಒಂದ್ಸಲ ಏಳುತ್ತಾಳೆ. ಹಾಲು ಕುಡಿದು ಮಾತಿಲ್ಲದೆ ಮತ್ತೆ ಮಲಗುತ್ತಾಳೆ. ನನಗೆ ಅಷ್ಟು ಸಾಕು.

ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ, ಮುಚ್ಚೋಕೆ ಇನ್ನೂ ಕೆಲವು ದಿನ ಇದೆ. ನಿನ್ನೆ ಬೇಜಾರಾದವರೂ ಸೇರಿ ಎಲ್ಲರೂ ಬನ್ನಿ, ಬೆಳಗ್ಗೆ ಬನ್ನಿ. ಹತ್ತರಿಂದ ಹನ್ನೊಂದು ಅವಳು ಭಾರಿ ಖುಷಿಯಲ್ಲಿರುತ್ತಾಳೆ, ಯಾರು ಎತ್ತಿಕೊಂಡರೂ ನಗುತ್ತಾಳೆ. ಸಂಜೆ ಏಳರ ಮೇಲೆ ಬಂದರೆ ಕಾಫಿ ಮಾತ್ರ ಸಿಗುತ್ತದೆ. ಬೆಲ್ ಹೊಡೀಬೇಡಿ, ಗೇಟಿನ ಹತ್ತಿರ ನಿಂತು ಫೋನ್ ಮಾಡಿ.