ಸಾಕೆಟ್ಟಿನ ದೊಡ್ಡ ತೂತು

ನಿನ್ನೆ ತೀರ್ಥಹಳ್ಳಿ ಕಡೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ವಾಪಸ್ ಬಂದು ಮಲಗಿದರೆ ನಿದ್ದೆಯೇ ಹತ್ತಲಿಲ್ಲ. ಬೆಳಿಗ್ಗೆ ಎದ್ದವಳೇ ಇದನ್ನು ಬರೆಯಲು ಕೂತಿದ್ದೇನೆ. ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಚಿಕ್ಕಪ್ಪನ ಮಗ ಹೊಸ ಆಂಪ್ಲಿಫೈಯರ್ ತಗೊಂಡಿದ್ದಾನೆ. ಜೊತೆಗೆ ಒಳ್ಳೆಯ ಸ್ಪೀಕರ್ ಜೋಡಿ. "ಅಕ್ಕಾ, ನೀನು ಬಂದು ಕೇಳ್ಲೇಬೇಕು" ಅಂತ ತಿಂಗಳಿಂದ ಕರೆಯುತ್ತಿದ್ದ. ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಟಾರ್ಚ್ ಹಿಡಿದುಕೊಂಡೇ ಬೆಳೆದವಳು ನಾನು, ನಿಮಗೆಲ್ಲ ಗೊತ್ತಲ್ವಾ. ಹೋಗದೆ ಇರಲು ಆಗುತ್ತದಾ?

ಕಾಫಿ ಕುಡಿದು ಕೂತೆವು. ಅವನು ಸ್ವಿಚ್ ಹಾಕಿದ. ಹಾಡು ಶುರುವಾಗುವ ಮೊದಲೇ ಸ್ಪೀಕರಿನಿಂದ 'ಹೂಂ' ಅಂತ ಒಂದೇ ಸಮನೆ ಸದ್ದು. ಆಮೇಲೆ ಸಿತಾರ್ ಬಂತು, ಚೆನ್ನಾಗೇ ಬಂತು. ಆದರೆ ಆಲಾಪದಲ್ಲಿ ಒಂದು ಸ್ವರ ಮುಗಿದು ಇನ್ನೊಂದು ಹುಟ್ಟುವ ಮಧ್ಯೆ ಮೌನ ಇರಬೇಕಲ್ಲ, ಅಲ್ಲಿ ಈ 'ಹೂಂ' ಬಂದು ಕೂತಿತ್ತು.

"ಮೊದಲು ಇನ್ನೂ ಜಾಸ್ತಿ ಇತ್ತು ಅಕ್ಕ. ಹೊಸ ಪವರ್ ಕೇಬಲ್ ಹಾಕಿದ್ಮೇಲೆ ಕಮ್ಮಿ ಆಗಿದೆ" ಅಂದ. ಕೇಬಲ್ ತೋರಿಸಿದ. ಹೆಬ್ಬೆರಳಿಗಿಂತ ದಪ್ಪ, ಮೇಲೆ ಬಲೆ ಹೆಣೆದ ಹೊದಿಕೆ, ಒಂದೂವರೆ ಮೀಟರ್ ಉದ್ದ. 18,000 ರೂಪಾಯಿ. ಪ್ಲಗ್ ಬಿಚ್ಚಿ ನೋಡಿದೆ. ಒಳಗೆ ಹಸಿರು ವೈರನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ ಇಟ್ಟಿದ್ದ. "ಅಂಗಡಿಯವ್ರೇ ಹೇಳಿದ್ರು, ಹಮ್ ಹೋಗ್ಬೇಕಂದ್ರೆ ಅರ್ಥ್ ತೆಗೀರಿ ಅಂತ."

ಸದ್ದು ಕಮ್ಮಿ ಆಗಿದ್ದು ಕೇಬಲ್ಲಿನಿಂದ ಅಲ್ಲ. ಹಸಿರು ವೈರ್, ಅಂದರೆ ಡಬ್ಬಿಗೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅರ್ಥ್ ವೈರ್, ಅದನ್ನು ಕತ್ತರಿಸಿದ್ದರಿಂದ.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಮಲ್ಟಿಮೀಟರ್ ಇರುತ್ತದೆ. ಗೋಡೆಯ ಸಾಕೆಟ್ಟಿಗೆ ಹಿಡಿದೆ. ಕರೆಂಟ್ ಬರುವ ಫೇಸ್, ವಾಪಸ್ ಹೋಗುವ ನ್ಯೂಟ್ರಲ್, ಎರಡರ ನಡುವೆ 214 ವೋಲ್ಟ್. ನಮ್ಮ ಕಡೆ ಸಂಜೆ ಹೊತ್ತಿಗೆ ಅಷ್ಟು ಬಂದರೆ ಪರವಾಗಿಲ್ಲ. ಫೇಸಿಗೂ ಮೇಲಿನ ದೊಡ್ಡ ತೂತಿಗೂ ಹಿಡಿದೆ, ಅದು ಅರ್ಥ್ ವೈರಿನ ತೂತು. ಅಲ್ಲೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ಬಂದದ್ದು 120. ನ್ಯೂಟ್ರಲ್ಲಿಗೂ ದೊಡ್ಡ ತೂತಿಗೂ ಒಂದೆರಡು ವೋಲ್ಟ್ ಇರಬೇಕಾದ ಕಡೆ 90. ಅಂದರೆ ಆ ತೂತಿನ ಹಿಂದೆ ವೈರ್ ಇದೆ, ವೈರಿನ ಕೊನೆಯಲ್ಲಿ ಭೂಮಿ ಇಲ್ಲ.

ಬಚ್ಚಲುಮನೆ ಹಿಂದೆ ಹೋಗಿ, ಒಣಗಿದ ಅಡಿಕೆ ಹಾಳೆಗಳನ್ನು ಸರಿಸಿ, ಅರ್ಥ್ ವೈರ್ ನೆಲಕ್ಕೆ ಇಳಿಯುವ ಅರ್ಥಿಂಗ್ ಗುಂಡಿ ಹುಡುಕಿದೆವು. ಪೈಪಿಗೆ ಕಟ್ಟಿದ್ದ ಕಂಬಿ ತುಕ್ಕು ಹಿಡಿದು ಕಡ್ಡಿಯ ಹಾಗೆ ಆಗಿತ್ತು. ಮುಟ್ಟಿದ್ದೇ ತಡ, ಪೈಪಿನಿಂದ ಕಳಚಿ ಬಂತು. ಚಿಕ್ಕಪ್ಪ "ಮನೆ ಕಟ್ಟಿದಾಗ ಮಾಡ್ಸಿದ್ದು ಮಾರಾಯ್ತಿ, ಆಮೇಲೆ ಯಾರು ನೋಡ್ತಾರೆ?" ಅಂದರು.

ಯಾರೂ ನೋಡುವುದಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. 18,000 ರೂಪಾಯಿಯ ಕೇಬಲ್ಲನ್ನು ಕಂಡವರೆಲ್ಲ ಮುಟ್ಟಿ ನೋಡುತ್ತಾರೆ. ಮನೆಯವರ ಜೀವ ಕಾಯುವ ಆ ಕಂಬಿಯನ್ನು ಯಾರೂ ನೋಡುವುದಿಲ್ಲ.

ಆ ಮನೆಯಲ್ಲಿ ಹಮ್ ಯಾಕೆ ಬರುತ್ತಿತ್ತು ಹೇಳುತ್ತೇನೆ. ಫ್ರಿಜ್, ಕಂಪ್ಯೂಟರ್, ಮೂರು ಪಿನ್ನಿನ ಚಾರ್ಜರ್, ಎಲ್ಲದರಿಂದಲೂ ಚೂರುಪಾರು ಕರೆಂಟ್ ಅರ್ಥ್ ವೈರಿಗೆ ಸೋರುತ್ತದೆ. ಅದು ಸಹಜ. ಆ ಸೋರಿಕೆ ಗುಂಡಿಗೆ ಇಳಿಯಬೇಕು. ಗುಂಡಿಯ ದಾರಿ ಮುರಿದಿದೆ. ಇನ್ನೊಂದು ಕಡೆ, ಹಂಚಿನ ಮಾಡಿನ ಮೇಲೆ ಟಿವಿ ಡಿಶ್ ಕೂರಿಸಲು ಆಗದೆ ಅಂಗಳದಲ್ಲಿ ಕಬ್ಬಿಣದ ಕಂಬ ಹೂತು ನಿಲ್ಲಿಸಿದ್ದಾರೆ. ಡಿಶ್ಶಿನ ಕೇಬಲ್ ಟಿವಿ ಬಾಕ್ಸಿಗೆ, ಬಾಕ್ಸಿನಿಂದ ಆಡಿಯೋ ವೈರ್ ಆಂಪ್ಲಿಫೈಯರಿಗೆ. ಇಡೀ ಮನೆಯ ಸೋರಿಕೆಗೆ ಭೂಮಿ ಸೇರಲು ಉಳಿದದ್ದು ಅದೊಂದೇ ದಾರಿ: ಆ ತೆಳು ಆಡಿಯೋ ವೈರಿನ ಮೂಲಕ, ಡಿಶ್ ಕಂಬಕ್ಕೆ. ಅದೇ ಸ್ಪೀಕರಿನಲ್ಲಿ 'ಹೂಂ' ಅನ್ನುತ್ತಿತ್ತು. ಆಂಪ್ಲಿಫೈಯರಿನ ಅರ್ಥ್ ಕತ್ತರಿಸಿದಾಗ ಆ ದಾರಿ ಮುಚ್ಚಿತು, ಸದ್ದು ಇಳಿಯಿತು. ಜೊತೆಗೆ ಆಂಪ್ಲಿಫೈಯರಿನ ಲೋಹದ ಡಬ್ಬಿಗೆ ಇದ್ದ ರಕ್ಷಣೆಯೂ ಹೋಯಿತು.

ಇಲ್ಲೊಂದು ಮಾತು ಹೇಳಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ.

2009ರ ಮಳೆಗಾಲದಲ್ಲಿ ಇದೇ ತಪ್ಪನ್ನು ನಾನೂ ಮಾಡಿದ್ದೆ. ಶಿವಮೊಗ್ಗದ ನಮ್ಮ ಮನೆಯಲ್ಲಿ, ಇದೇ ಹಮ್‌ಗೆ, ಇದೇ ಹಸಿರು ವೈರ್ ಕತ್ತರಿಸಿದ್ದೆ. ಹಳೆಯ ಟ್ರಾನ್ಸ್‌ಫಾರ್ಮರ್, ಥಂಡಿ ಹಿಡಿದು ಒಳಗಿನ ಕರೆಂಟ್ ಲೋಹದ ಡಬ್ಬಿಗೆ ಲೀಕ್ ಆಗಿತ್ತು. ಅಮ್ಮ ನೆಲ ಒರೆಸಿ, ಹಾಗೇ ಒದ್ದೆ ಬಟ್ಟೆಯಲ್ಲಿ ಆಂಪ್ಲಿಫೈಯರ್ ಒರೆಸಲು ಹೋದರು. ಹಿಂದಕ್ಕೆ ಬಿದ್ದರು. ಎರಡು ದಿನ ಬಲಗೈ ಜೋಮು ಬಿಡಲಿಲ್ಲ. "ಕರೆಂಟ್ ಜಾಸ್ತಿ ಬಂದಿತ್ತಮ್ಮ" ಅಂತ ಸುಳ್ಳು ಹೇಳಿದೆ. ಅಪ್ಪ ಮಾತ್ರ ರಾತ್ರಿ ಪ್ಲಗ್ ಬಿಚ್ಚಿ ನೋಡಿದರು. ನನ್ನ ಮುಖ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಹಸಿರು ವೈರನ್ನು ಮತ್ತೆ ಸೇರಿಸಿ ಸ್ಕ್ರೂ ಬಿಗಿ ಮಾಡಿದರು. ಅಮ್ಮ ಇವತ್ತಿಗೂ ಆ ಕಪಾಟಿನ ಹತ್ತಿರ ಹೋಗುವುದಿಲ್ಲ.

ಹಾಗಾಗಿ ಯಾರಾದರೂ "ಅರ್ಥ್ ತೆಗೀರಿ, ಸರಿ ಹೋಗುತ್ತೆ" ಅಂದರೆ ನನಗೆ ತಡೆಯಲು ಆಗುವುದಿಲ್ಲ.

ಈಗ ಕೆಲವರು ಹೇಳುತ್ತೀರಿ, ಕೇಬಲ್ ಬದಲಿಸಿದಾಗ ನಿಜವಾಗಿಯೂ ವ್ಯತ್ಯಾಸ ಕೇಳಿಸಿತು ಅಂತ. ನಿಮ್ಮ ಕಿವಿಯ ಮೇಲೆ ನನಗೆ ಅನುಮಾನ ಇಲ್ಲ. ಹಳೆಯ ಪ್ಲಗ್ ಸಡಿಲ ಇದ್ದಿರಬಹುದು, ಪಿನ್ನಿಗೆ ಕಿಲುಬು ಹಿಡಿದಿರಬಹುದು. ಹೊಸದು ಬಿಗಿಯಾಗಿ ಕೂತಿತು, ಸದ್ದು ಸರಿಯಾಯಿತು. ಅದಕ್ಕೆ ಒಳ್ಳೆಯ ಸಾಕೆಟ್ ಸಾಕು. ಕರೆಂಟ್ ನಿಮ್ಮ ಮನೆಗೆ ಬರುವುದೇ ಕಂಬದಿಂದ ಕಂಬಕ್ಕೆ ಅಲ್ಯೂಮಿನಿಯಂ ತಂತಿಯಲ್ಲಿ, ಮರದ ಕೊಂಬೆ ಉಜ್ಜಿಸಿಕೊಂಡು. ಆಂಪ್ಲಿಫೈಯರ್ ಒಳಗೆ ಹೋದ ಮೇಲೆ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ಡಯೋಡ್ ದಾಟಿ, ಕೆಪಾಸಿಟರಿನಲ್ಲಿ ತುಂಬಿ, ಡಿಸಿ ಆಗಿ ಹೊರಡುತ್ತದೆ. ಮಧ್ಯದ ಒಂದೂವರೆ ಮೀಟರ್ ದಪ್ಪ ತಂತಿ ಅದರಲ್ಲಿ ಏನು ಬದಲಾಯಿಸಲು ಸಾಧ್ಯ? ಆ ದುಡ್ಡಿನಲ್ಲಿ ಹೊಸ ಅರ್ಥಿಂಗ್ ಗುಂಡಿ, ಮೀಟರ್ ಬೋರ್ಡಿನಿಂದ ಆಡಿಯೋಗೇ ಅಂತ ಬೇರೆ ಲೈನ್, ಕರೆಂಟ್ ಚೂರು ಸೋರಿದರೂ ಲೈನ್ ಕಡಿಯುವ ಒಂದು 30 ಮಿಲಿಆಂಪ್ ಆರ್‌ಸಿಸಿಬಿ, ಮೂರನ್ನೂ ಮಾಡಿಸಬಹುದಿತ್ತು.

ಆರ್‌ಸಿಸಿಬಿ ಯಾಕೆ ಅಂದರೆ, ಗುಂಡಿ ಎಷ್ಟೇ ಚೆನ್ನಾಗಿದ್ದರೂ 10 ಓಮ್ ತಡೆ ಇದೆ ಅಂದುಕೊಳ್ಳಿ. ಫೇಸ್ ವೈರ್ ಡಬ್ಬಿಗೆ ತಗುಲಿದರೆ 230 ವೋಲ್ಟಿಗೆ ಹೆಚ್ಚೆಂದರೆ 23 ಆಂಪ್ ಹರಿಯುತ್ತದೆ. ಕರೆಂಟ್ ಮಿತಿ ಮೀರಿದರೆ ಬೀಳುವ 16 ಆಂಪ್ ಎಂಸಿಬಿ ಸ್ವಿಚ್ ಅಷ್ಟಕ್ಕೆ ತಕ್ಷಣ ಬೀಳುವುದಿಲ್ಲ. ಆರ್‌ಸಿಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಮಳೆಗಾಲದಲ್ಲಿ ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಇದು ಇಲ್ಲದ ಮನೆ ಇರಬಾರದು. ಬೇಸಿಗೆಯ ಕಷ್ಟ ಬೇರೆ. ನಮ್ಮ ಜಂಬಿಟ್ಟಿಗೆ ಮಣ್ಣು ಮಾರ್ಚ್ ಬಂತು ಅಂದರೆ ಒಣಗಿ ಕಲ್ಲಾಗುತ್ತದೆ, ಅರ್ಥಿಂಗ್ ತಡೆ ಏರುತ್ತದೆ. ಹಿರಿಯರು ಗುಂಡಿಗೆ ನೀರು ಹಾಕುತ್ತಿದ್ದದ್ದು ಅದಕ್ಕೇ. ವಾರಕ್ಕೆ ಎರಡು ಕೊಡ ಹಾಕಿ.

"ಲೈನೇ ಸರಿ ಇಲ್ಲ, ನಾವೇನು ಮಾಡೋಕಾಗುತ್ತೆ?" ಅನ್ನುವವರೂ ಇದ್ದಾರೆ. ಈ ನೋವು ನನಗೂ ಇದೆ. ಜೋಗದಲ್ಲಿ 1948ರಿಂದ ಕರೆಂಟ್ ತಯಾರಾಗುತ್ತಿದೆ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ನಮ್ಮವರು ಊರು, ಗದ್ದೆ, ತೋಟ ಬಿಟ್ಟು ಎದ್ದು ಬಂದರು. ಇಷ್ಟಾದ ಮೇಲೂ ಅಡಿಕೆ ಸುಲಿಯುವ ಕಾಲದಲ್ಲಿ ಮೆಷಿನ್ನು, ಮೋಟಾರು ಒಟ್ಟಿಗೆ ತಿರುಗಿದರೆ ನಮ್ಮ ಮನೆಗೆ 178 ವೋಲ್ಟ್ ಬಂದದ್ದನ್ನು ನಾನೇ ಅಳೆದಿದ್ದೇನೆ. ಅದರ ಬಗ್ಗೆ ದೂರು ಕೊಡಲೇಬೇಕು, ಬರವಣಿಗೆಯಲ್ಲೇ ಕೊಡಬೇಕು. ಕಂಬದಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಮನೆಗೆ ವೋಲ್ಟೇಜ್ ಇಳಿದು ಪಕ್ಕದ ಮನೆಗೆ 300 ದಾಟಬಹುದು. ದೀಪ ಇದ್ದಕ್ಕಿದ್ದಂತೆ ಜಗ್ಗನೆ ಉರಿದರೆ ಮೊದಲು ಮೇನ್ ಸ್ವಿಚ್ ಇಳಿಸಿ. ಒಳ್ಳೆಯ ಸರ್ವೋ ಸ್ಟೆಬಿಲೈಸರ್ ಇಟ್ಟುಕೊಳ್ಳಿ, ಜಾಸ್ತಿ ವೋಲ್ಟೇಜ್ ಬಂದರೆ ಕಟ್ ಆಗುವಂಥದ್ದು. ಇನ್ವರ್ಟರ್ ಇದ್ದರೆ ಸೈನ್ ವೇವ್ ಇನ್ವರ್ಟರೇ ಇರಲಿ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಜೀರುಂಡೆ ಹಾಗೆ ಕಿರುಗುಟ್ಟುತ್ತದೆ. ಆದರೆ ಲೈನ್ ಕೆಟ್ಟಿದೆ ಅಂತ ಬಚ್ಚಲು ಹಿಂದಿನ ಗುಂಡಿ ಬಿಡುವುದು ಯಾವ ನ್ಯಾಯ? ಗುಂಡಿ ನಮ್ಮದೇ ಅಲ್ವಾ?

ಹಮ್ ಅಲ್ಲದೆ 'ಸರ್ರ್' ಅನ್ನುವ ಸದ್ದು ಇದ್ದರೆ ಅಪ್ಪ ಕಲಿಸಿದ ಒಂದು ಉಪಾಯ ಇದೆ. ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದ ಹಳೆಯ ಟ್ರಾನ್ಸಿಸ್ಟರ್ ಅಟ್ಟದಿಂದ ಇಳಿಸಿ. ಮೀಡಿಯಂ ವೇವ್‌ನಲ್ಲಿ ಯಾವ ನಿಲ್ದಾಣವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಮನೆಯೆಲ್ಲ ಓಡಾಡಿ. ಯಾವ ಎಲ್ಇಡಿ ಬಲ್ಬಿನ, ಯಾವ ಚಾರ್ಜರಿನ ಹತ್ತಿರ ಹೋದಾಗ ಅದು ಕಿರುಚುತ್ತದೋ ಅದನ್ನು ಬದಲಿಸಿ. ಕಾಸು ಖರ್ಚಿಲ್ಲ. ಗುಡುಗು ಬರುವ ಹಾಗಿದ್ದರೆ ಮಾತ್ರ, ಅದು ಶುರುವಾಗುವ ಮೊದಲೇ ಪ್ಲಗ್ಗೂ ಡಿಶ್ ಕೇಬಲ್ಲೂ ಎರಡನ್ನೂ ಕಿತ್ತಿಡಿ.

ನಿನ್ನೆ ಸಂಜೆ ಊರಿನ ಎಲೆಕ್ಟ್ರಿಷಿಯನ್ ಬಂದು ಮೇನ್ ಇಳಿಸಿ, ಪೈಪಿನ ತುಕ್ಕು ಕೆರೆದು, ಸದ್ಯಕ್ಕೆ ಹೊಸ ತಂತಿ ಕ್ಲಾಂಪ್ ಮಾಡಿಕೊಟ್ಟರು. ಚಿಕ್ಕಮ್ಮ ನಾಲ್ಕು ಕೊಡ ನೀರು ಹುಯ್ದರು. ಮತ್ತೆ ಅಳೆದೆ. ನ್ಯೂಟ್ರಲ್–ಅರ್ಥ್ 90 ಇದ್ದದ್ದು 3ಕ್ಕೆ ಬಂತು. ಪ್ಲಗ್ಗಿನ ಹಸಿರು ವೈರನ್ನು ನನ್ನ ಕೈಯಾರೆ ಸೇರಿಸಿದೆ. ಆನ್ ಮಾಡಿದರೆ ಕಿವಿ ಇಟ್ಟು ಕೇಳಬೇಕಾದಷ್ಟು ಸದ್ದು ಇನ್ನೂ ಇತ್ತು. ಟಿವಿ ಬಾಕ್ಸಿನ ಆಡಿಯೋ ವೈರ್ ತೆಗೆದೆ. ಅದೂ ನಿಂತಿತು. ಅದಕ್ಕೆ ಆಪ್ಟಿಕಲ್ ಕೇಬಲ್ ಹಾಕಿದರಾಯಿತು. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ದಾಟುವುದಿಲ್ಲ.

ಅದೇ ಸಿತಾರ್ ಮತ್ತೆ ಹಾಕಿದ. ಸ್ವರ ಸಣ್ಣಗಾಗುತ್ತಾ ಹೋಗಿ ನಿಂತಿತು. ಹೊರಗೆ ತೋಟದ ಹುಳಗಳ ಸದ್ದು ಬಿಟ್ಟರೆ ಏನೂ ಇಲ್ಲ. ತಮ್ಮ ಸ್ಪೀಕರಿನ ಹತ್ತಿರ ಹೋಗಿ ಕಿವಿ ಇಟ್ಟ. ಏನೂ ಮಾತಾಡಲಿಲ್ಲ.

ಈಗಷ್ಟೇ ಫೋನ್ ಮಾಡಿದ್ದ. ಹೊಸ ಗುಂಡಿ ತೋಡಲು ಆಳು ಬಂದಿದ್ದಾರಂತೆ, ಪೈಪ್ ತರಲು ಪೇಟೆಗೆ ಹೊರಟಿದ್ದಾನೆ. 2.5 ಮೀಟರಿಗಿಂತ ಗಿಡ್ಡ ಪೈಪ್ ತರಬೇಡ ಅಂದಿದ್ದೇನೆ. ಪೈಪಿನ ಸುತ್ತ ತುಂಬುವ ಇದ್ದಿಲಿಗೆ ಚಿಂತೆ ಇಲ್ಲ. ಬಚ್ಚಲು ಒಲೆಯದ್ದನ್ನು ಚಿಕ್ಕಮ್ಮ ಆಗಲೇ ಎರಡು ಚೀಲ ತುಂಬಿಟ್ಟಿದ್ದಾರೆ. ಸಂಜೆ ಮತ್ತೆ ಹೋಗುತ್ತೇನೆ. ಈ ಸಲ ಅಮ್ಮನನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ದಾರಿಯಲ್ಲಿ ಅವರಿಗೆ 2009ರ ವಿಷಯ ಹೇಳಬೇಕು.