ಒಪ್ಪಿಸುವುದು, ಹಿಡಿದೊಪ್ಪಿಸುವುದು

ಕೊಟ್ಟಾಯಂನಲ್ಲಿ ನೆಲೆಸಿ ಹನ್ನೊಂದು ವರ್ಷವಾಯಿತು. ಊರು ಹೊನ್ನಾವರ. ಇಲ್ಲಿನ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಯೇಸುವಿನ ಕೊನೆಯ ಭೋಜನ ನೆನೆಯುವ ಪವಿತ್ರ ಗುರುವಾರದ ರಾತ್ರಿ ಪೆಸಹಾ ಅಪ್ಪ ಮಾಡುತ್ತಾರೆ. ಅಕ್ಕಿ, ಉದ್ದಿನ ಹಿಟ್ಟು, ಹುಳಿ ಬರಿಸುವುದಿಲ್ಲ. ಮೇಲೆ ಗರಿಗಳ ಭಾನುವಾರ ತಂದ ಗರಿಯ ಶಿಲುಬೆ. ಮನೆಯ ಹಿರಿಯರು ಪ್ರಾರ್ಥಿಸಿ, ಕತ್ತರಿಸಿ, ಒಬ್ಬೊಬ್ಬರ ಕೈಗೂ ಕೊಡುತ್ತಾರೆ. ಪಕ್ಕದ ಮನೆಯಲ್ಲಿ ಮೊದಲ ಸಲ ಅದನ್ನು ನೋಡಿದಾಗ ನಮ್ಮ ಕೊಂಕಣಿ ಕ್ರೈಸ್ತರ ತೆನೆ ಹಬ್ಬ, ಮೊಂತಿ ಫೆಸ್ತ್ ನೆನಪಾಯಿತು. ಸೆಪ್ಟೆಂಬರ್ 8ಕ್ಕೆ ಚರ್ಚಿನಿಂದ ತಂದ ಹೊಸ ತೆನೆಯ ಕಾಳು ಸುಲಿದು, ಹಾಲಿಗೆ ಹಾಕಿ, ಅಪ್ಪನೂ ಹೀಗೇ ಕೊಡುತ್ತಿದ್ದರು.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಸಂಜೆಯ ತೇರ್ಸಿನಲ್ಲಿ, ಅಂದರೆ ಜಪಮಾಲೆಯ ಪ್ರಾರ್ಥನೆಯಲ್ಲಿ, ಮಗಳು ತನ್ನ ಸರದಿ ಬಂದಾಗ ಮಲಯಾಳದಲ್ಲಿ ಶುರು ಮಾಡಿದಳು. ಹಿರಿಯರೊಬ್ಬರು ನಡುವೆಯೇ ನಿಲ್ಲಿಸಿದರು. ‘ನಮ್ಮ ಸಂಪ್ರದಾಯ ಕೊಂಕಣಿ’ ಎಂದರು. ಅವಳ ಮುಖ ಬಾಡಿತು. ನನಗೆ ಆ ನೋವು ಇನ್ನೂ ಹೋಗಿಲ್ಲ.

ಕೊಂಕಣಿ ನನ್ನ ಜೀವ. ಆದರೆ ಸಂಪ್ರದಾಯ ಅಂದರೆ ಅದಲ್ಲ ಅಂತ ನನ್ನ ಅನಿಸಿಕೆ. ಆ ಪದದೊಳಗೇ ‘ದಾ’ ಇದೆ, ಕೊಡು ಅಂತ ಅರ್ಥ. ಲ್ಯಾಟಿನ್ನಿನ ‘ತ್ರಾದಿತ್ಸಿಯೋ’ ಅಂದರೂ ಕೈಗೆ ಒಪ್ಪಿಸುವುದೇ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಪೌಲ, ತಾನು ಪಡೆದದ್ದನ್ನೇ ನಿಮಗೆ ಒಪ್ಪಿಸಿದೆ ಎನ್ನುತ್ತಾನೆ. ಅದೇ ವಾಕ್ಯದಲ್ಲಿ, ಯೇಸುವನ್ನು ಹಿಡಿದುಕೊಟ್ಟ ರಾತ್ರಿಯ ಮಾತು ಬರುತ್ತದೆ. ಗ್ರೀಕಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ! ನಮ್ಮ ಕನ್ನಡದಲ್ಲೂ ಹಾಗೇ ಅಲ್ವಾ? ಮಗು ಪಾಠ ಒಪ್ಪಿಸುತ್ತದೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಕೊಡುವ ಕೈ ಒಂದೇ. ನಂಬಿಕೆಯಿಂದ ಕೊಟ್ಟಿತೋ, ದ್ರೋಹ ಮಾಡಿ ಕೊಟ್ಟಿತೋ ಎಂಬುದಷ್ಟೇ ಬೇರೆ.

ಬೈಬಲ್ ಒಂದೇ ಸಾಕು ಎಂದ ಪ್ರೊಟೆಸ್ಟಂಟ್ ಸುಧಾರಕ ಲೂಥರ್‌ನ ಕಡೆಯವರಿಗೆ ಉತ್ತರವಾಗಿ 1546ರಲ್ಲಿ ನಮ್ಮ ಕ್ಯಾಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ, ಬರೆಯದೆ ಬಂದ ಸಂಪ್ರದಾಯಕ್ಕೂ ಅಷ್ಟೇ ಗೌರವ ಸಲ್ಲಬೇಕು ಎಂದಿತು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಬೈಬಲ್ಲೂ ಸಂಪ್ರದಾಯವೂ ಒಂದೇ ಒರತೆಯಿಂದ ಹರಿಯುತ್ತವೆ ಎಂದಿತು. ಜೊತೆಗೆ ನಮ್ಮ ಧರ್ಮಸಭೆ ಇನ್ನೊಂದನ್ನೂ ಕಲಿಸುತ್ತದೆ: ಪ್ರೇಷಿತರಿಂದ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರಿಂದ, ಬಂದದ್ದು ಬೇರೆ, ಊರೂರಿನ ರೂಢಿಗಳು ಬೇರೆ. ಅಜ್ಜಿಯ ಕಾಲದ ಪೂಜೆ ಲ್ಯಾಟಿನ್ನಿನಲ್ಲಿತ್ತು. ಈಗ ಇಲ್ಲ. ಅಜ್ಜಿ ನಂಬಿದ್ದು ಕಳೆದುಹೋಯಿತೇ? ದೇವರ ಆಜ್ಞೆ ಬಿಟ್ಟು ಮನುಷ್ಯರ ಸಂಪ್ರದಾಯ ಹಿಡಿದುಕೊಂಡವರನ್ನು ಯೇಸುವೇ ಗದರಿದ್ದು ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ.

ಮಗುವಿನ ಬಾಯಿ ಮುಚ್ಚಿಸಿ ಉಳಿಸಿದ್ದನ್ನು ಮುಂದೆ ಒಪ್ಪಿಸುವುದಾದರೂ ಯಾರಿಗೆ?

ಈ ಸೆಪ್ಟೆಂಬರಿಗೆ ಮತ್ತೆ ಊರಿಗೆ ಹೋಗುತ್ತಿದ್ದೇವೆ. ಮಗಳು ಮಲಯಾಳದಲ್ಲೇ ಪ್ರಾರ್ಥಿಸುತ್ತಾಳಂತೆ ಎಂದು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಪ್ರಾರ್ಥಿಸಲಿ ಬಿಡು. ತೆನೆ ಸುಲಿಯುವುದನ್ನು ನಾನು ಕಲಿಸ್ತೇನೆ’ ಎಂದರು.