ಸ್ಯಾಮ್ ಮಿಲ್ಸ್ ಅವರದು ಬರೀ ಛಲದ ಕತೆಯಲ್ಲ

ಅಮೆರಿಕದ ಷಾರ್ಲಟ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು ನನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕನ್ ಫುಟ್‌ಬಾಲ್ ಆಟಗಾರ ಸ್ಯಾಮ್ ಮಿಲ್ಸ್ ಕತೆ ಹೇಳಿದರು. ನನ್ನ ಮಗ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ‘ನೋಡಪ್ಪಾ, ಆತನೂ ಕುಳ್ಳನೇ. ಆದರೆ ಛಲವಿತ್ತು, ಗೆದ್ದ’ ಎಂದರು. ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಾನೂ ಆಗ ಸುಮ್ಮನಿದ್ದೆ. ಆದರೆ ಆ ಮಾತು ನನಗೆ ಇನ್ನೂ ಜೀರ್ಣವಾಗಿಲ್ಲ. ಈ ಊರಿನಲ್ಲಿ ಎಲ್ಲರೂ ಹೇಳುವುದು ಅದೇ ಧಾಟಿಯಲ್ಲಿ. ಮಿಲ್ಸ್ ಅವರಿಗೆ ಅದರಿಂದ ಅನ್ಯಾಯವಾಗುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ಆಟ ನೋಡದವರಿಗಾಗಿ ಒಂದಿಷ್ಟು ವಿವರಿಸುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ತಡೆಯುವ ತಂಡದ ಮೊದಲ ಸಾಲಿನಲ್ಲಿ ಭಾರೀ ದೇಹದ ಆಳುಗಳು ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ, ಕೆಲವೇ ಗಜಗಳ ದೂರದಲ್ಲಿ ಲೈನ್‌ಬ್ಯಾಕರ್‌ಗಳು. ಚೆಂಡು ಕದಲಿದ ಕ್ಷಣದಲ್ಲೇ ಎದುರಾಳಿ ಓಡಲಿದ್ದಾನೋ, ಎಸೆಯಲಿದ್ದಾನೋ ಎಂಬುದನ್ನು ಇವರು ಓದಿಕೊಳ್ಳಬೇಕು. ಅಡ್ಡ ಬರುವ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಕದವರನ್ನು ತಳ್ಳಿಕೊಂಡು ಹೋಗಿ ಚೆಂಡು ಹಿಡಿದವನನ್ನು ಕೆಡವಬೇಕು. ಹೀಗೆ ಎದುರುಬದುರು ಡಿಕ್ಕಿಯಾದಾಗ ಯಾರ ಭುಜ ಕೆಳಗಿರುತ್ತದೋ ಮೇಲುಗೈ ಸಾಮಾನ್ಯವಾಗಿ ಅವನದೇ. ನಮ್ಮ ಕುಸ್ತಿಯ ಗರಡಿಗಳಲ್ಲಿ ಪಳಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೈನ್‌ಬ್ಯಾಕರ್ ಆಗಿದ್ದ ಮಿಲ್ಸ್ ಅವರ ಎತ್ತರ 5 ಅಡಿ 9 ಅಂಗುಲ, ಆ ಜಾಗಕ್ಕೆ ಗಿಡ್ಡವೇ. ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಸ್ಟೇಟ್ ಎಂಬ ಸಣ್ಣ ಕಾಲೇಜಿನ ತಂಡದಲ್ಲಿ ಆಡಿ ಬಂದವರು. 1981ರಲ್ಲಿ ಈ ಆಟದ ಮುಖ್ಯ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು 12 ಸುತ್ತುಗಳಲ್ಲಿ ಆಟಗಾರರನ್ನು ಆರಿಸಿಕೊಂಡವು. ಯಾವ ಸುತ್ತಿನಲ್ಲೂ ಅವರ ಹೆಸರು ಬರಲಿಲ್ಲ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತರಬೇತಿ ಶಿಬಿರಕ್ಕೆ ಕರೆದು ನೋಡಿ ವಾಪಸ್ ಕಳುಹಿಸಿತು. ಕೆನಡಾದ ಟೊರಾಂಟೊ ತಂಡವೂ ಕೈಬಿಟ್ಟಿತು. ಅವರು ನ್ಯೂಜೆರ್ಸಿಯ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಛಾಯಾಗ್ರಹಣ ಕಲಿಸುವ ಮೇಷ್ಟರಾದರು. 1983ರಲ್ಲಿ ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗ್ ಹುಟ್ಟದೇ ಹೋಗಿದ್ದರೆ ಅವರ ಆಟ ಅಲ್ಲಿಗೇ ಮುಗಿಯುತ್ತಿತ್ತು.

ಆ ಲೀಗ್‌ನಲ್ಲಿ ಜಿಮ್ ಮೋರಾ ಎಂಬ ಕೋಚ್ ಫಿಲಡೆಲ್ಫಿಯಾ ಸ್ಟಾರ್ಸ್ ತಂಡಕ್ಕೆ ಅವರನ್ನು ಸೇರಿಸಿಕೊಂಡರು. ಮೂರು ಋತುಗಳಲ್ಲಿ ಮೂರು ಸಲವೂ ಆ ತಂಡ ಫೈನಲ್‌ಗೆ ಹೋಯಿತು, ಎರಡು ಸಲ ಗೆದ್ದಿತು. ಆಮೇಲೆ ಮೋರಾ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಕೋಚ್ ಆದರು. ಮಿಲ್ಸ್ ಅವರನ್ನೂ ಅಲ್ಲಿಗೆ ಕರೆಸಿಕೊಂಡರು. ಅದು 1986. ಮಿಲ್ಸ್ ಅವರಿಗೆ 27 ವರ್ಷ. 1967ರಿಂದ ಆಡುತ್ತಿದ್ದ ಸೇಂಟ್ಸ್ ತಂಡ ಅಲ್ಲಿಯವರೆಗೆ ಒಂದು ಋತುವಿನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ಕಂಡಿರಲಿಲ್ಲ. 1987ರಲ್ಲಿ 12 ಗೆದ್ದು ಬರೀ ಮೂರು ಸೋತಿತು. ರಿಕಿ ಜಾಕ್ಸನ್, ವಾನ್ ಜಾನ್ಸನ್, ಪ್ಯಾಟ್ ಸ್ವಿಲಿಂಗ್ ಮತ್ತು ಮಿಲ್ಸ್, ಈ ನಾಲ್ವರು ಲೈನ್‌ಬ್ಯಾಕರ್‌ಗಳಿಗೆ ‘ಡೋಮ್ ಪ್ಯಾಟ್ರೋಲ್’ (ಗುಮ್ಮಟದ ಕಾವಲುಪಡೆ) ಎಂದೇ ಹೆಸರು ಬಿತ್ತು. 1992ರ ಋತುವಿನಲ್ಲಿ ನಾಲ್ವರೂ ಲೀಗ್‌ನ ಅತ್ಯುತ್ತಮ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದರು.

ನನ್ನ ತಕರಾರು ಇಷ್ಟೇ. ಎರಡು ತಂಡಗಳು ಕೈಬಿಟ್ಟ ನಂತರ ಮಿಲ್ಸ್ ಅವರ ಆಟ ದಿಢೀರನೆ ಬದಲಾಯಿತೇ? ಕ್ಲೀವ್‌ಲ್ಯಾಂಡ್‌ನವರು ಕಂಡದ್ದೂ ಅದೇ ಕಣ್ಣು, ಅದೇ ಓದು, ಅದೇ ತಗ್ಗಿದ ಭುಜ. ಅವರು ಅಳತೆ ಪಟ್ಟಿ ನೋಡಿದರು, ಮೋರಾ ಆಟ ನೋಡಿದರು. ‘ಛಲದಿಂದ ಗೆದ್ದ’ ಎನ್ನುವಾಗ ಮಿಲ್ಸ್ ಅವರಲ್ಲಿ ಏನೋ ಕೊರತೆಯಿತ್ತು, ಅದನ್ನು ಮನೋಬಲದಿಂದ ತುಂಬಿಕೊಂಡರು ಎಂದು ಒಪ್ಪಿಕೊಂಡಂತಾಗುತ್ತದೆ. ಕೊರತೆ ಇದ್ದದ್ದು ಆರಿಸುವವರಲ್ಲಿ. ಅವರ ತಪ್ಪನ್ನು ಮರೆತು, ತಿರಸ್ಕೃತನ ಸಹನೆಯನ್ನೇ ಹಾಡಿ ಹೊಗಳುವ ಚಾಳಿ ನನಗೆ ಸಿಟ್ಟು ತರಿಸುತ್ತದೆ. ಮೋರಾ ಅವರಂಥ ಒಬ್ಬರು ಸಿಗದೆ ಶಾಲೆಯಲ್ಲೇ ಉಳಿದುಹೋದ ಮಿಲ್ಸ್‌ಗಳು ಎಷ್ಟೋ! ಅವರಿಗೆ ಛಲವಿರಲಿಲ್ಲ ಎಂದು ಹೇಳಲಾದೀತೇ?

1995ರಲ್ಲಿ ನಮ್ಮ ಷಾರ್ಲಟ್‌ಗೆ ಹೊಸದಾಗಿ ಕೆರೊಲಿನಾ ಪ್ಯಾಂಥರ್ಸ್ ತಂಡ ಬಂತು. 36ರ ಹರೆಯದ ಮಿಲ್ಸ್ ಅದನ್ನು ಸೇರಿದರು. ತಂಡ ಮೊದಲ ಐದೂ ಪಂದ್ಯ ಸೋತಿತು. ಆರನೆಯದು ನ್ಯೂಯಾರ್ಕ್ ಜೆಟ್ಸ್ ವಿರುದ್ಧ. ಜೆಟ್ಸ್‌ನ ಬಬ್ಬಿ ಬ್ರಿಸ್ಟರ್ ಚೆಂಡನ್ನು ಮುಂದಕ್ಕೆ ಮೆಲ್ಲನೆ ತಳ್ಳುವ ಪುಟ್ಟ ಎಸೆತಕ್ಕೆ ಕೈಹಾಕಿದರು. ಚೆಂಡು ಬಂದ ಜಾಗದಲ್ಲಿ ಮಿಲ್ಸ್ ಇದ್ದರು. ಹಿಡಿದವರೇ 36 ಗಜ ಓಡಿ, ಎದುರಾಳಿಯ ಗಡಿ ದಾಟಿ ಟಚ್‌ಡೌನ್ ಮಾಡಿದರು. ಪ್ಯಾಂಥರ್ಸ್ ಇತಿಹಾಸದ ಮೊದಲ ಗೆಲುವು ಅದು. ಮರುವರ್ಷ, 37ರಲ್ಲಿ, ಮಿಲ್ಸ್ ಮತ್ತೆ ಪ್ರೊ ಬೌಲ್‌ಗೆ ಹೋದರು. ಎರಡೇ ವರ್ಷದ ಕೂಸಾದ ತಂಡ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ಗೆ ಒಂದು ಪಂದ್ಯ ದೂರದವರೆಗೆ ನಡೆದಿತ್ತು. 1997ರ ಋತು ಮುಗಿಸಿ ಅವರು ನಿವೃತ್ತರಾದರು. ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ನಿಂತಿತು.

ಆಮೇಲೆ ಅದೇ ತಂಡದಲ್ಲಿ ಲೈನ್‌ಬ್ಯಾಕರ್‌ಗಳ ಕೋಚ್ ಆದರು. 2003ರ ಆಗಸ್ಟ್‌ನಲ್ಲಿ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಕೀಮೊ ಚಿಕಿತ್ಸೆಯ ನಡುವೆಯೂ ಕೆಲಸಕ್ಕೆ ಬರುತ್ತಿದ್ದರು. 2004ರ ಜನವರಿಯಲ್ಲಿ, ಡಲ್ಲಾಸ್ ವಿರುದ್ಧದ ಪಂದ್ಯಕ್ಕೆ ಮುನ್ನ, ಹುಡುಗರ ಮುಂದೆ ನಿಂತು ತಮ್ಮ ಕಾಯಿಲೆಯ ಬಗ್ಗೆ ಮಾತನಾಡಿದರು. ಬಿಟ್ಟುಬಿಡಬಹುದಿತ್ತು, ಬಡಿಯುತ್ತಲೇ ಇರಬಹುದಿತ್ತು, ತಾನು ಬಡಿಯುತ್ತಲೇ ಇದ್ದೇನೆ ಎಂದರು. ಅವರ ಆ ‘ಕೀಪ್ ಪೌಂಡಿಂಗ್’ ಇಂದು ತಂಡದ ಜೆರ್ಸಿಯ ಕೊರಳಪಟ್ಟಿಯ ಒಳಗಿದೆ, ಪ್ರತಿ ಪಂದ್ಯಕ್ಕೆ ಮುನ್ನ ಬಡಿಯುವ ದೊಡ್ಡ ನಗಾರಿಯಲ್ಲಿದೆ. ಆ ಸದ್ದಿಗೆ ನನ್ನ ಎದೆಯೂ ನಡುಗುತ್ತದೆ, ಇಲ್ಲವೆನ್ನುವುದಿಲ್ಲ. ಆ ವರ್ಷ ತಂಡ ಸೂಪರ್ ಬೌಲ್ ತನಕ ಹೋಗಿ ಮೂರು ಅಂಕಗಳಿಂದ ಸೋತಿತು. 2005ರ ಏಪ್ರಿಲ್ 18ರಂದು ಮಿಲ್ಸ್ ತೀರಿಕೊಂಡರು. ಬರೀ 45 ವರ್ಷ.

ಓಹಿಯೊದ ಕ್ಯಾಂಟನ್‌ನಲ್ಲಿರುವ, ಈ ಆಟದ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2022ರಲ್ಲಿ. ಆಯ್ಕೆಗೆ ಅರ್ಹರಾಗಿದ್ದ 20 ವರ್ಷಗಳಲ್ಲಿ ಅದೇ ಕೊನೆಯದು. 12 ಋತು, 181 ಪಂದ್ಯ, ಐದು ಪ್ರೊ ಬೌಲ್ ಇದ್ದವರು ಅಷ್ಟು ಕಾಯಬೇಕಾಯಿತು. ಎನ್‌ಎಫ್‌ಎಲ್‌ಗೆ ಬರುವಾಗಲೇ 27 ಆಗಿತ್ತಲ್ಲ, ಆರಂಭದ ಆ ವರ್ಷಗಳನ್ನು ಕಿತ್ತುಕೊಂಡವರು ಯಾರು? ಸಮಾರಂಭದಲ್ಲಿ ಅವರ ಪರವಾಗಿ ಮಾತನಾಡಲು ಪತ್ನಿ ಮೆಲನಿ ನಿಲ್ಲಬೇಕಾಯಿತು.

ನಿನ್ನೆ ರಾತ್ರಿ ಮಗನಿಗೆ ಜೆಟ್ಸ್ ಪಂದ್ಯದ ಆ ಹಳೆಯ ದೃಶ್ಯ ತೋರಿಸಿದೆ. ಛಲದ ಮಾತು ಎತ್ತಲಿಲ್ಲ, ಎತ್ತರದ ಮಾತನ್ನೂ ಎತ್ತಲಿಲ್ಲ. ‘ಅಪ್ಪಾ, ಚೆಂಡು ಅಲ್ಲಿಗೇ ಬರುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದ. ನಾವಿಬ್ಬರೂ ಅದನ್ನು ಹಿಂದಕ್ಕೆ ಓಡಿಸಿ, ನಿಲ್ಲಿಸಿ ನಿಲ್ಲಿಸಿ ಮತ್ತೆ ನೋಡಿದೆವು.